ಪಾಳಿ ಮಂಚ

ನನ್ನ ಗಂಡ ನನ್ನ ಗಂಡ ಹೌದೋ ಅಲ್ಲವೋ ಎಂದು ಸರಕಾರಕ್ಕೆ ಅನುಮಾನ ಬಂತು. ನನಗೆ ಬಂದಿರಲಿಲ್ಲ. ನನ್ನ ಅತ್ತೆಗೂ ಬಂದಿರಲಿಲ್ಲ, ಅವರಿಗೆ ಅನುಮಾನ ಬರದ ವಿಷಯ ಈ ಭೂಮಿಯ ಮೇಲೆ ಅದೊಂದೇ. ವೀಸಾ ಕಚೇರಿಯ ಯಾರೋ ಒಬ್ಬ ಸಾಹೇಬನಿಗೆ ಬಂತು. ಇಬ್ಬರೂ ಬನ್ನಿ, ನಿಮ್ಮ ಮದುವೆ ನಿಜವೋ ಸುಳ್ಳೋ ವಿಚಾರಣೆ ಮಾಡಬೇಕು, ಸುಳ್ಳೆಂದು ಕಂಡುಬಂದರೆ ಗಂಡಸನ್ನು ಅವನ ದೇಶಕ್ಕೆ ವಾಪಸು ಕಳಿಸಲಾಗುವುದು ಎಂದು ಕರೆ ಬಂತು.

ನನಗೆ ಇಲ್ಲಿರಲು ವೀಸಾ ಇದೆ. ಯಾಕೆಂದರೆ ಲಾಂಡ್ರಿಯವರಿಗೆ ನನ್ನ ಎರಡು ಕೈ ಬೇಕು. ಅವನ ವೀಸಾ ಮುಗಿಯುತ್ತ ಬಂದಿತ್ತು, ಇನ್ನು ಮುಂದೆ ಅವನು ಇಲ್ಲಿ ಇರಬೇಕಾದರೆ ನನ್ನ ಗಂಡನಾಗಿ ಮಾತ್ರ ಇರಬಹುದು. ಎದುರಿಗೆ ನಾನು ಅವನನ್ನು ‘ರೀ, ಇಲ್ನೋಡಿ’ ಎನ್ನುತ್ತೇನೆ, ಹಿಂದೆ ‘ಅವನು’ ಎನ್ನುತ್ತೇನೆ. ಇದು ಅವನಿಗೂ ಗೊತ್ತು. ಸಾಹೇಬನಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಕೆಲಸ ಮಾಡುವ ಲಾಂಡ್ರಿಗೆ ಹೋಟೆಲುಗಳ ಚಾದರ ಬರುತ್ತವೆ. ಒದ್ದೆ ಚಾದರದ ಗಂಟು ಎತ್ತಿದರೆ ಬೆನ್ನುಮೂಳೆ ಲಟಕ್ಕನ್ನುತ್ತದೆ. ಇಸ್ತ್ರಿ ರೋಲರಿನ ಹಬೆಗೆ ಮುಂಗೈ ಮೇಲಿನ ಕೂದಲೆಲ್ಲ ಹೋಗಿ ವರ್ಷಗಳಾದವು. ಸೋಪಿನ ನೀರಿಗೆ ಬೆರಳ ಸಂದಿ ಬಿರಿದು ಉರಿಯುತ್ತದೆ. ಕಕ್ಕಸಿಗೆ ಹೋಗುವಾಗ ಸೂಪರ್‌ವೈಸರ್‌ಗೆ ಹೇಳಿ ಹೋಗಬೇಕು, ಬಂದ ಮೇಲೆ ಮತ್ತೆ ಹೇಳಬೇಕು. ಸಾಯಂಕಾಲ ಗೇಟಿನಲ್ಲಿ ನಮ್ಮ ಚೀಲ ತಡಕುತ್ತಾರೆ, ಸೊಂಟ ಮುಟ್ಟಿ ನೋಡುತ್ತಾರೆ, ಹೋಟೆಲಿನವರ ಟವೆಲು ಸುತ್ತಿಕೊಂಡು ಹೋಗುತ್ತಿದ್ದೇವೇನೋ ಎಂದು. ನಾವು ಒಗೆಯುವುದೆಲ್ಲ ಜೋಡಿ ಮಂಚದ ಚಾದರಗಳು. ಒಂದೊಂದರಲ್ಲೂ ಒಂದು ಸಂಸಾರ ಉರುಳಾಡಿ, ಮಕ್ಕಳನ್ನೂ ಮಲಗಿಸಬಹುದು. ಅಂಥದ್ದನ್ನು ದಿನವಿಡೀ ಇಸ್ತ್ರಿ ಮಾಡಿ, ಮನೆಗೆ ಬಂದು ನಾನು ಒಬ್ಬರ ಮಂಚದ ಮೇಲೆ ಮಲಗುತ್ತಿದ್ದೆ.

ಒಬ್ಬರ ಮಂಚ ಸಾಕಿತ್ತು. ಯಾಕೆಂದರೆ ಒಂದು ಸಲಕ್ಕೆ ಒಬ್ಬರೇ ಮಲಗುವುದು. ನನ್ನದು ಹಗಲು ಪಾಳಿ. ಅವನು ಬೇಕರಿಯಲ್ಲಿ, ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ಬ್ರೆಡ್ಡು ಬೆಂದಿರಬೇಕಲ್ಲ, ಅದಕ್ಕೆ. ಮೂಟೆಗಟ್ಟಲೆ ಹಿಟ್ಟು ಹೊತ್ತು, ನಾದಿ, ಒಲೆಯ ಮುಂದೆ ನಿಂತು ಬೆಂದು, ಅವನು ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಬೆಳಿಗ್ಗೆ ಮನೆಗೆ ಬರುತ್ತಿದ್ದ. ಅದೇ ಹೊತ್ತಿಗೆ ನಾನು ಹೊರಡುತ್ತಿದ್ದೆ. ರಜೆಯ ದಿನವೂ ನಮಗೆ ರಜೆ ಇರಲಿಲ್ಲ. ಗಂಡ ಹೆಂಡತಿ ಒಟ್ಟಿಗೆ ಇಲ್ಲಿರಬೇಕಾದರೆ ಇಷ್ಟು ಆದಾಯ ಇರಲೇಬೇಕು ಎಂದು ಕಾನೂನು ಇದೆ. ನಮ್ಮಿಬ್ಬರ ಸಂಬಳ ಸೇರಿಸಿದರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ನನ್ನ ರಜೆಯಲ್ಲಿ ನಾನು ಬೇರೆಯವರ ಮನೆ ಒರೆಸುತ್ತಿದ್ದೆ. ಅವನ ರಜೆಯಲ್ಲಿ ಅವನು ಒಂದು ಗೋದಾಮು ಕಾಯುತ್ತಿದ್ದ.

ನಮ್ಮ ಸಂಸಾರವೆಲ್ಲ ಮೆಟ್ಟಿಲ ಮೇಲೆ. ಅವನು ಹತ್ತುತ್ತ ಬರುತ್ತಿದ್ದ, ನಾನು ಇಳಿಯುತ್ತ ಹೋಗುತ್ತಿದ್ದೆ. ಬೀಗದ ಕೈ ಅಲ್ಲೇ ಕೈ ಬದಲಾಯಿಸುತ್ತಿತ್ತು. ಜಗಳವೂ ಅಲ್ಲೇ, ಕಂತಿನಲ್ಲಿ. ಬೆಳಿಗ್ಗೆ ಅವನು "ನಿಮ್ಮಣ್ಣ ಎಂಥ ಮನುಷ್ಯ ಕಣೇ" ಎಂದು ಶುರು ಮಾಡುತ್ತಿದ್ದ. ನನಗೆ ಬಸ್ಸಿಗೆ ಹೊತ್ತಾಗಿರುತ್ತಿತ್ತು. ಹಗಲೆಲ್ಲ ಹಬೆಯಲ್ಲಿ ನಿಂತು ಉತ್ತರ ಮಸೆದುಕೊಂಡು ಬಂದು, ಸಾಯಂಕಾಲ ಅದೇ ಮೆಟ್ಟಿಲ ಮೇಲೆ "ಯಾಕೆ, ನಿಮ್ಮ ತಂಗಿ ಏನು ಕಮ್ಮಿನಾ?" ಎನ್ನುತ್ತಿದ್ದೆ. ಅವನು "ಯಾವ ವಿಷಯ?" ಎನ್ನುತ್ತಿದ್ದ. ಮರೆತೇಬಿಟ್ಟಿರುತ್ತಿದ್ದ. ಇಂಥವನ ಜೊತೆ ಜಗಳವಾದರೂ ಹೇಗೆ ಆಡುವುದು?

ಸಂಸಾರ ಅಂದರೆ ಅಷ್ಟೇನಾ ಎಂದು ನೀವು ಕೇಳಬಹುದು. ಒಮ್ಮೆ ಯಾವುದೋ ಗಲಾಟೆಯಾಗಿ ಊರಿಗೆ ಊರೇ ಬಾಗಿಲು ಹಾಕಿದಾಗ ನಮಗೊಂದು ಹಗಲು ಸಿಕ್ಕಿತ್ತು. ಆ ಹಗಲು ಇಬ್ಬರೂ ನಿದ್ದೆ ಮಾಡಲಿಲ್ಲ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮದುವೆಯೂ ಇಲ್ಲೇ ಆದದ್ದು, ನೋಂದಣಿ ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ. ನನ್ನ ಜೊತೆ ಚಾದರ ಮಡಿಸುವ ಅಕ್ಕ ಸಾಕ್ಷಿ ಹಾಕಿದಳು. ಸಹಿ ಆದ ಮೇಲೆ ಮದುಮಗ ಮಲಗಲು ಹೋದ, ಮದುಮಗಳು ಲಾಂಡ್ರಿಗೆ ಹೋದಳು. ರಾತ್ರಿ ಪಾಳಿ ಕೊಡಿ ಎಂದು ನಾನು ಆವತ್ತೇ ಸೂಪರ್‌ವೈಸರ್‌ನನ್ನು ಕೇಳಿದ್ದೆ. ಅವನು ನಮ್ಮ ಭಾಷೆಯವನೇ. ಅದೇ ದೊಡ್ಡ ಗ್ರಹಚಾರ, ಬೇರೆ ಭಾಷೆಯಲ್ಲಿ ಬೈದರೆ ಅರ್ಧ ತಾಗುವುದಿಲ್ಲ.

"ಯಾರನ್ನ ಕೇಳಿ ಮದುವೆ ಆದೆ?" ಎಂದ. "ಗಂಡ ಬೇಕಾದ್ರೆ ಕೆಲಸ ಬಿಡು, ಕೆಲಸ ಬೇಕಾದ್ರೆ ಗಂಡನ್ನ ಬಿಡು. ಎರಡೂ ಬೇಕು ಅಂದ್ರೆ ಇದೇನು ಮಾವನ ಮನೆನಾ?"

ಹಬೆಯಲ್ಲಿ ನಿಂತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ನನ್ನ ಕಿವಿ ಕಾದುಹೋಯಿತು. ರೋಲರಿಗೆ ಚಾದರ ಕೊಟ್ಟೆ.

ವಿಚಾರಣೆಯ ಕರೆ ಬಂದ ಮೇಲೆ ಅಕ್ಕ ನನ್ನನ್ನು ವಕೀಲಮ್ಮನ ಹತ್ತಿರ ಕರೆದುಕೊಂಡು ಹೋದಳು. ಒಂದು ಸಭಾಂಗಣದಲ್ಲಿ ಆಕೆ ಬಿಟ್ಟಿಯಾಗಿ ಸಲಹೆ ಕೊಡುತ್ತಾಳೆ, ನಮ್ಮ ಭಾಷೆ ಆಡುತ್ತಾಳೆ. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತದೆ. ನಮಗಿಂತ ಮುಂದೆ ಇದ್ದ ಡ್ರೈವರ್ ಒಬ್ಬ ಎದ್ದು ನಿಂತು, "ಮೇಡಂ, ಇಲ್ಲಿ ಡೈವೋರ್ಸ್ ತಗೊಂಡ್ರೆ ಊರಲ್ಲೂ ಆದ ಹಾಗಾ, ಇಲ್ಲಾ ಊರಿಗೆ ಹೋದಾಗ ಮತ್ತೆ ಗಂಡ ಹೆಂಡ್ತಿನಾ?" ಎಂದ. ವಕೀಲಮ್ಮ, "ಊರಿನ ಕೋರ್ಟು ಒಪ್ಪಬೇಕು. ಅಲ್ಲೀವರೆಗೂ ಇಲ್ಲಿ ಒಂಟಿ, ಅಲ್ಲಿ ಜಂಟಿ" ಎಂದಳು. ಡ್ರೈವರ್ ಸ್ವಲ್ಪ ಯೋಚಿಸಿ, "ಹಂಗಿದ್ರೆ ಊರಿಗೇ ಹೋಗಲ್ಲ ಬಿಡಿ" ಎಂದು ಕೂತ. ಎಲ್ಲರೂ ನಕ್ಕರು.

ಆಮೇಲೆ ಹೊಲಿಗೆಯ ಹೆಂಗಸೊಬ್ಬಳು ಎದ್ದಳು. ಅವಳ ಗಂಡ ಆಸ್ಪತ್ರೆಯಲ್ಲಿದ್ದ. ಅವಳ ವೀಸಾ ಅವನ ಹೆಸರಿನ ಮೇಲೆ. "ಅವರಿಗೆ ಏನಾದ್ರೂ ಆದ್ರೆ ನಾನು ಮಣ್ಣಿಗೆ ಮುಂಚೆ ದೇಶ ಬಿಡಬೇಕಾ, ಮಣ್ಣಾದ ಮೇಲಾ?" ಎಂದು ಕೇಳಿದಳು. ವಕೀಲಮ್ಮ ಕನ್ನಡಕ ತೆಗೆದು, "ಮಣ್ಣಾದ ಮೇಲಮ್ಮ. ಅಷ್ಟು ಟೈಮು ಕೊಡ್ತಾರೆ" ಎಂದಳು. ಆಗ ಯಾರೂ ನಗಲಿಲ್ಲ. ನನಗೆ ಆ ಕಾನೂನು ಬರೆದವನ ಮುಖ ನೋಡಬೇಕು ಅನ್ನಿಸಿತು. ಅವನಿಗೂ ಒಬ್ಬಳು ಹೆಂಡತಿ ಇರಬೇಕಲ್ಲ.

ನನ್ನ ಸರದಿ ಬಂತು. "ಒಟ್ಟಿಗೆ ಮಲಗಲೇಬೇಕಾ ಮೇಡಂ?" ಎಂದೆ.

ಸಭಾಂಗಣಕ್ಕೆ ಸಭಾಂಗಣವೇ ತಿರುಗಿ ನೋಡಿತು. ಅಕ್ಕ ನನ್ನ ತೊಡೆ ಚಿವುಟಿದಳು.

"ಕಾನೂನಲ್ಲಿ ಮಲಗೋದು ಅಂತಿಲ್ಲಮ್ಮ," ಎಂದಳು ವಕೀಲಮ್ಮ, ನಗು ತಡೆದುಕೊಂಡು. "ಒಟ್ಟಿಗೆ ಬಾಳೋದು ಅಂತಿದೆ."

"ಇಬ್ಬರದೂ ಬೇರೆ ಬೇರೆ ಶಿಫ್ಟು. ಒಬ್ಬರು ಕೆಲಸ ಬಿಟ್ರೆ ಒಟ್ಟಿಗೆ ಬಾಳಬಹುದು."

"ಬಿಟ್ರೆ ಆದಾಯ ಸಾಲಲ್ಲ ಅಂತ ವಾಪಸ್ ಕಳಿಸ್ತಾರೆ."

"ಬಿಡದಿದ್ರೆ?"

"ಒಟ್ಟಿಗೆ ಬಾಳ್ತಿಲ್ಲ ಅಂತ ವಾಪಸ್ ಕಳಿಸ್ತಾರೆ." ಆಕೆಗೇ ಬೇಜಾರಾಯಿತು. "ಒಂದಷ್ಟು ಫೋಟೋ ತಗೊಂಡು ಹೋಗಿ. ಇಬ್ಬರೂ ಜೊತೇಲಿರೋದು."

ಜೊತೆಯಲ್ಲಿರುವ ಫೋಟೋ ನಮ್ಮ ಹತ್ತಿರ ಇದ್ದವು, ಎಲ್ಲ ಮೆಟ್ಟಿಲ ಮೇಲೆ ತೆಗೆದವು. ಒಬ್ಬರು ಹತ್ತುತ್ತಿದ್ದೇವೆ, ಒಬ್ಬರು ಇಳಿಯುತ್ತಿದ್ದೇವೆ. ವಕೀಲಮ್ಮ ಅವನ್ನು ನೋಡಿ, "ಇದು ಬಾಡಿಗೆದಾರರ ಜಗಳದ ಕೇಸಿನ ಹಾಗಿದೆ" ಎಂದಳು. ಹಾಗಾಗಿ ಅಕ್ಕ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಪಾರ್ಕಿಗೆ ಎಳೆದುಕೊಂಡು ಹೋದಳು. ನಾನು ಅರ್ಧ ದಿನದ ಸಂಬಳ ಬಿಟ್ಟೆ, ಅವನು ಅರ್ಧ ದಿನದ ನಿದ್ದೆ ಬಿಟ್ಟ. ಬೇರೆ ಬೇರೆ ದಿನ ತೆಗೆದ ಹಾಗೆ ಕಾಣಲಿ ಎಂದು ಅಕ್ಕ ಚೀಲದ ತುಂಬ ಅಂಗಿ ತಂದಿದ್ದಳು. ಗಿಡದ ಮರೆಯಲ್ಲಿ ಬದಲಾಯಿಸಿಕೊಂಡು ಬರುವುದು, ನಗುವುದು, ಮತ್ತೆ ಗಿಡದ ಮರೆಗೆ ಓಡುವುದು. ಅಕ್ಕ, "ಸ್ವಲ್ಪ ಅಂಟಿಕೊಂಡು ನಿಂತ್ಕೊಳ್ರೋ, ಬಸ್ಸಿಗೆ ಕಾಯೋರ ಥರ ನಿಂತಿದೀರಲ್ಲ" ಎಂದು ರೇಗುತ್ತಿದ್ದಳು. ಅವನಿಗೆ ನಿಂತಲ್ಲೇ ತೂಕಡಿಕೆ. ಬೆಂಚು, ಕೊಳ, ಹೂವಿನ ಪಾತಿ, ಎಲ್ಲೆಲ್ಲೂ ನಾನು ಹಲ್ಲು ಕಿರಿದಿದ್ದೇನೆ, ಅವನು ಕಣ್ಣು ಮುಚ್ಚಿದ್ದಾನೆ.

ವಿಚಾರಣೆಯ ದಿನ ಅವನು ಬೇಕರಿಯಿಂದ ಸೀದಾ ಬಂದ. ಮುಖ ತೊಳೆದಿದ್ದ, ಕಿವಿಯ ಹಿಂದೆ ಹಿಟ್ಟು ಹಾಗೇ ಇತ್ತು. ನಾನು ಸೆರಗಿನಿಂದ ಒರೆಸಲು ಹೋದರೆ, "ಬಿಡೇ, ಎಲ್ಲರೂ ನೋಡ್ತಾರೆ" ಎಂದ. ನೋಡಲಿ ಎಂದೇ ಅಲ್ಲವೇ ನಾವು ಬಂದಿದ್ದು? ಅಷ್ಟರಲ್ಲಿ ಕರೆದರು. ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿದರು. ಅಲ್ಲೂ ಬೇರೆ.

ಮೊದಲು ಅವನ ವಿಚಾರಣೆ, ಆಮೇಲೆ ನನ್ನದು. ಸಾಹೇಬ ಮಾತಿಗೊಮ್ಮೆ ಪೆನ್ನಿನ ಗುಂಡಿ ಒತ್ತುತ್ತಿದ್ದ. ನನ್ನ ಮನಸ್ಸಿನಲ್ಲಿ ಅವನಿಗೆ ಟಿಕ್‌ಟಿಕ್ ಸಾಹೇಬ ಎಂದು ಹೆಸರಿಟ್ಟೆ. ಪಕ್ಕದಲ್ಲಿ ಒಬ್ಬ ದುಭಾಷಿ. ನಮ್ಮ ಭಾಷೆಯವನು ಎಂದು ಹೇಳಿದ್ದರು. ಅವನು ಬಾಯಿ ಬಿಟ್ಟ ಮೇಲೆ ನನಗೆ ನಂಬಿಕೆ ಹೋಯಿತು.

"ತಾವು ಶಯನಕಾಲದಲ್ಲಿ ಶಯ್ಯೆಯ ಯಾವ ಪಾರ್ಶ್ವದಲ್ಲಿ ಪವಡಿಸುವಿರಿ?"

"ಏನಂದ್ರಿ?"

ಅವನು ಗಂಟಲು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ, "ಮಂಚದ ಯಾವ ಕಡೆ ಮಲಗ್ತೀಯಮ್ಮ?" ಎಂದ.

"ಗೋಡೆ ಕಡೆ."

ಟಿಕ್. "ಪತಿಯವರೂ ಗೋಡೆಯ ಪಾರ್ಶ್ವವನ್ನೇ ಹೇಳಿರುತ್ತಾರೆ."

"ಹೌದು. ಅವರೂ ಅಲ್ಲೇ."

"ಹಾಗಾದರೆ ಹೊರಪಾರ್ಶ್ವದಲ್ಲಿ ಯಾರು?"

"ಯಾರೂ ಇಲ್ಲ. ಆ ಕಡೆ ಮಂಚದ ಕಾಲು ಕುಂಟು. ಮಲಗಿದ್ರೆ ಬಿದ್ದುಹೋಗ್ತೀವಿ."

ದುಭಾಷಿ ಇದನ್ನು ಹೇಗೆ ಹೇಳಿದನೋ, ಸಾಹೇಬ ನನ್ನನ್ನೊಮ್ಮೆ ನೋಡಿ ಏನೋ ಬರೆದುಕೊಂಡ. ಆಮೇಲೆ ಫೋಟೋಗಳನ್ನು ಹರಡಿದ. ಎಲ್ಲದರಲ್ಲೂ ಪತಿಯ ಕಣ್ಣು ಯಾಕೆ ಮುಚ್ಚಿದೆ, ಬಲವಂತ ಮಾಡಿ ತೆಗೆಸಿದ್ದೋ ಎಂದು ಕೇಳಿದ. ನಿದ್ದೆ ಎಂದೆ. ಹೂವಿನ ಪಾತಿಯ ಹತ್ತಿರವೂ ನಿದ್ದೆಯೋ ಎಂದ. ಅಲ್ಲೇ ಜಾಸ್ತಿ, ಬಿಸಿಲು ಹಿತವಾಗಿತ್ತು ಎಂದೆ. ಪತಿಯನ್ನು ಏನೆಂದು ಕರೆಯುತ್ತೀರಿ ಎಂದ. ಹೆಸರು ಹಿಡಿದು ಕರೆಯಲ್ಲ, ‘ಇಲ್ನೋಡಿ’ ಅಂತೀನಿ ಎಂದೆ. ಸಾಹೇಬ ಕಡತ ತಿರುವಿ ಹಾಕಿದ. ಅವನ ಮುಖ ಗಂಭೀರವಾಯಿತು. ಏನೋ ಕೇಳಿದ.

ದುಭಾಷಿ ನನ್ನ ಕಡೆ ತಿರುಗಿ, "ಈ ಇಲ್ನೋಡಿ ಎಂಬ ಮಹನೀಯರ ಉಲ್ಲೇಖ ಅರ್ಜಿಯಲ್ಲಿ ಎಲ್ಲಿಯೂ ಇಲ್ಲವಲ್ಲ?" ಎಂದ.

"ಸ್ವಾಮೀ," ಎಂದೆ, "ನೀವು ನಮ್ಮವರೇ ತಾನೆ? ನಿಮ್ಮ ಮನೇಲಿ ನಿಮ್ಮನ್ನ ಏನಂತಾರೆ?"

ಅವನು ಕೆಂಪಾದ. "ಒಂಚೂರು ಕೇಳಿಸ್ತಾ ಅಂತಾಳೆ," ಎಂದ. ಆಮೇಲೆ ಸಾಹೇಬನಿಗೆ ಏನೇನೋ ವಿವರಿಸಿ ಬೆವರೊರೆಸಿಕೊಂಡ.

ಕೊನೆಗೆ ಬಂತು ಆ ಪ್ರಶ್ನೆ. ಗಂಡ ಗೊರಕೆ ಹೊಡೆಯುತ್ತಾನಾ?

ಅವನು ಯಾವ ಬೆರಳಿನಿಂದ ಹುಬ್ಬಿನ ಹಿಟ್ಟು ಕೊಡವುತ್ತಾನೆ ಎಂದು ಗೊತ್ತು. ಮೆಟ್ಟಿಲ ಸದ್ದಿನಲ್ಲೇ ಇವತ್ತು ಅವನಿಗೆ ಮೊಣಕಾಲು ನೋವು ಇದೆಯೋ ಇಲ್ಲವೋ ಹೇಳಬಲ್ಲೆ. ಸಾಯಂಕಾಲ ನಾನು ಹಾಸಿಗೆಗೆ ಕೈ ಇಟ್ಟರೆ ಅವನು ಮಲಗಿದ್ದ ಜಾಗ ಇನ್ನೂ ಬೆಚ್ಚಗಿರುತ್ತದೆ, ಅದರೊಳಗೇ ನುಸುಳಿ ಮಲಗುತ್ತೇನೆ. ದಿಂಬಿನಲ್ಲಿ ಬ್ರೆಡ್ಡಿನ ವಾಸನೆ. ನಾವು ಕೂಡಿ ಮಲಗುವುದು ಅಂದರೆ ಅದು. ಆದರೆ ಗೊರಕೆ? ಅದು ಬೆಚ್ಚಗೆ ಉಳಿಯುವ ವಸ್ತು ಅಲ್ಲವಲ್ಲ.

"ಗೊತ್ತಿಲ್ಲ," ಎಂದೆ.

ಟಿಕ್. ಟಿಕ್. ನನ್ನ ಗಂಡನಿಗೂ ನನ್ನ ಗೊರಕೆಯ ಬಗ್ಗೆ ಗೊತ್ತಿರಲಿಲ್ಲವಂತೆ. ಸಾಹೇಬನ ಮುಖದಲ್ಲಿ ಕಳ್ಳರನ್ನು ಹಿಡಿದ ಸಂತೋಷ.

ಆಮೇಲೆ ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ದೊಡ್ಡಮ್ಮಾವರನ್ನು ಕೇಳಿಕೊಂಡು ಬರುತ್ತೇನೆ, ಆಮೇಲೆ ಇಬ್ಬರೂ ಸಹಿ ಹಾಕಬೇಕು ಎಂದು ಸಾಹೇಬ ಹೋದ. ದೊಡ್ಡಮ್ಮಾವರು ಎಂದರೆ ಅವನ ಮೇಲಿನ ಅಧಿಕಾರಿ, ಹೆಂಗಸು. ಕೋಣೆಯಲ್ಲಿ ಒಂದು ಮೆತ್ತನೆಯ ಸೋಫಾ ಇತ್ತು. ಇಬ್ಬರು ಕೂರುವಂಥದ್ದು. ನಾವು ಕೂತೆವು. ಇಬ್ಬರೂ ಎಚ್ಚರವಾಗಿ, ಇಬ್ಬರೂ ಒಂದೇ ಕಡೆ, ಇಬ್ಬರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಏನು ಮಾತಾಡುವುದೆಂದು ತಿಳಿಯಲಿಲ್ಲ.

"ಏನು ಕೇಳಿದ್ರು?" ಎಂದೆ.

"ಗೊರಕೆ," ಎಂದ. "ನೀನು ಹೊಡೀತೀಯಾ?"

"ನನಗೆ ಹೇಗ್ರೀ ಗೊತ್ತಾಗತ್ತೆ?"

"ಅದೂ ಸರಿ," ಎಂದ. "ಕಳಿಸಿಬಿಡ್ತಾರೇನೇ ನನ್ನ?"

ಹಾಗೆನ್ನುತ್ತಲೇ ಅವನ ತಲೆ ನನ್ನ ಹೆಗಲಿಗೆ ಬಿತ್ತು. ರಾತ್ರಿಯೆಲ್ಲ ದುಡಿದ ಮೈ. ಮೆತ್ತನೆಯದು ಸಿಕ್ಕಿದ್ದೇ ತಡ, ಕೈಬಿಟ್ಟಿತು. ಬಾಯಿ ಸ್ವಲ್ಪ ತೆರೆಯಿತು. ಮೊದಲು ಸಣ್ಣಗೆ ಒಂದು ಶಬ್ದ ಬಂತು. ಆಮೇಲೆ ಲಾಂಡ್ರಿಯ ಹಳೇ ಮೋಟಾರಿನ ಹಾಗೆ ಗರಗರ ಶುರುವಾಯಿತು.

ನನ್ನ ಗಂಡ ಗೊರಕೆ ಹೊಡೆಯುತ್ತಾನೆ! ನನಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮದುವೆಯಾದವಳಿಗೆ ಮೊದಲ ವಾರದಲ್ಲೇ ತಿಳಿದು ಬೇಸರ ಬರುವ ಸಂಗತಿ ನನಗೆ ಸರಕಾರಿ ಕಚೇರಿಯಲ್ಲಿ ತಿಳಿಯಿತು.

ಬಾಗಿಲು ತೆರೆಯಿತು. ಟಿಕ್‌ಟಿಕ್ ಸಾಹೇಬ, ಹಿಂದೆ ದುಭಾಷಿ.

"ಬರೆಸಿ," ಎಂದೆ ಪಿಸುದನಿಯಲ್ಲಿ. "ಹೊಡೀತಾರೆ. ಕೇಳಿಸ್ಕೊಳ್ಳಿ."

ಪ್ರಶ್ನೋತ್ತರ ಮುಗಿದಿದೆ, ಈಗ ಸೇರಿಸುವಂತಿಲ್ಲ ಎಂದ ಸಾಹೇಬ. ಉತ್ತರಗಳು ತೃಪ್ತಿಕರವಾಗಿಲ್ಲ ಎಂದು ಬರೆದಾಗಿದೆಯಂತೆ, ಅದಕ್ಕೆ ಇಬ್ಬರೂ ಸಹಿ ಹಾಕಬೇಕಂತೆ.

"ಪತಿಯವರನ್ನು ಎಚ್ಚರಗೊಳಿಸಿ," ಎಂದ ದುಭಾಷಿ.

ನಾನು ಅವನ ಭುಜಕ್ಕೆ ಕೈ ಹಾಕಿದೆ. ಅಂಗಿಯ ಒಳಗೆ ಮೂಳೆ ತಾಗಿತು. ಕಣ್ಣಿನ ಕೆಳಗೆ ಕಪ್ಪು. ಬೆರಳಿನ ಮೇಲೆ ಒಲೆಯ ತಟ್ಟೆ ಸುಟ್ಟ ಗುರುತು, ಹೊಸದು, ನಾನು ನೋಡಿಯೇ ಇರಲಿಲ್ಲ. ನನ್ನ ಕೈ ಅಲ್ಲೇ ನಿಂತಿತು.

"ಎಬ್ಬಿಸಲ್ಲ," ಎಂದೆ.

"ಅಮ್ಮಾ, ಹಾಗೆ ಹೇಳಬಾರದು."

"ನಿಮ್ಮ ಮಾತಲ್ಲೇ ಹೇಳಿ. ಎಚ್ಚರಗೊಳಿಸುವುದಿಲ್ಲ ಅನ್ನಿ."

ಸಾಹೇಬ ದನಿ ಏರಿಸಿದ. ಅದು ನನಗೆ ದುಭಾಷಿ ಇಲ್ಲದೆಯೇ ಅರ್ಥವಾಯಿತು. ಎಬ್ಬಿಸದಿದ್ದರೆ ಸಹಕರಿಸಲಿಲ್ಲ ಎಂದು ಬರೆಯುತ್ತಾನಂತೆ. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹೆಗಲು ಅಲ್ಲಾಡಿಸಲಿಲ್ಲ, ಅವನು ಎಚ್ಚರಾಗುತ್ತಾನೆ ಎಂದು. ಹಾಗಾಗಿ ನನ್ನ ಜನ್ಮದ ಅತಿ ದೊಡ್ಡ ಜಗಳವನ್ನು ನಾನು ಪಿಸುಪಿಸು ಎಂದೇ ಆಡಬೇಕಾಯಿತು.

"ಬರ್ಕೊಳ್ಳಿ ಅನ್ನಿ. ಹೆಂಡ್ತಿ ಗಂಡನ್ನ ಎಬ್ಬಿಸಲಿಲ್ಲ ಅಂತ ಬರ್ಕೊಳ್ಳಿ. ಇಬ್ಬರೂ ದುಡೀಬೇಕು ಅಂದ್ರಿ, ದುಡಿದ್ವಿ. ನನಗೆ ಹಗಲು ಕೊಟ್ರಿ, ಇವರಿಗೆ ರಾತ್ರಿ ಕೊಟ್ರಿ. ನೀವು ತಿನ್ನೋ ಬ್ರೆಡ್ಡು ಇವರು ಬೇಯಿಸ್ತಾರೆ. ನೀವು ಹೆಂಡ್ತಿ ಜೊತೆ ಹೋಟೆಲಿಗೆ ಹೋಗಿ ಮಲಗಿದ್ರೆ ಆ ಚಾದರ ನಾನು ಒಗೀತೀನಿ. ನೀವು ಯಾವ ಕಡೆ ಮಲಗಿದ್ರಿ ಅಂತ ನಾನು ಯಾವತ್ತಾದ್ರೂ ಕೇಳಿದೀನಾ? ಕೇಳದೇನೇ ಗೊತ್ತಾಗತ್ತೆ ನನಗೆ, ಆದ್ರೂ ಬಾಯಿ ಮುಚ್ಕೊಂಡು ತೊಳೀತೀನಿ. ಸಂಸಾರ ಮಾಡಕ್ಕೆ ಬಿಡದೇ ಇರೋರು ನೀವು. ಸಂಸಾರ ತೋರಿಸಿ ಅನ್ನೋರೂ ನೀವೇ. ನಾಚಿಕೆ ಆಗಬೇಕು. ಇವರು ಮಲಗಿರೋದನ್ನ ನಾನು ನೋಡ್ತಿರೋದು ಇವತ್ತೇ ಮೊದಲು. ನಾನು ನೋಡಬೇಕು. ನೀವು ಕಾಯಿರಿ."

ದುಭಾಷಿ ಪಿಸುಪಿಸು ಎಂದೇ ಅದನ್ನೆಲ್ಲ ಸಾಹೇಬನ ಕಿವಿಗೆ ಹೇಳಿದ. ಈ ಸಲ ಅವನ ಬಾಯಲ್ಲಿ ಶಯ್ಯೆ, ಪಾರ್ಶ್ವ ಬಂದಂತೆ ಕಾಣಲಿಲ್ಲ. ಹೇಳುತ್ತ ಹೇಳುತ್ತ ಅವನ ಕೈ ನನ್ನ ಹಾಗೆಯೇ ಆಡುತ್ತಿತ್ತು. ಸಾಹೇಬ ಪೆನ್ನಿನ ಗುಂಡಿ ಒತ್ತಿದ, ಟಿಕ್. ನಾನು ತುಟಿಯ ಮೇಲೆ ಬೆರಳಿಟ್ಟು "ಶ್" ಎಂದೆ. ಅವನು ಪೆನ್ನು ಜೇಬಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡನೋ ಅವನಿಗೂ ತಿಳಿದಿರಲಾರದು.

ಹೊರಗೆ ಸಾಲು ಬೆಳೆಯಿತು. ಆ ಕೋಣೆ ಬೇರೆಯವರಿಗೂ ಬೇಕಿತ್ತು. ಕಾವಲಿನವನು ಇಣುಕಿ, ಸಾಹೇಬ ಕೈ ಮಾಡಿದ್ದಕ್ಕೆ ಬೂಟು ಸದ್ದಾಗದಂತೆ ಹಿಂದೆ ಸರಿದ. ಕೊನೆಗೆ ದೊಡ್ಡಮ್ಮಾವರೇ ಬಂದರು. ಗೊರಕೆ ಕೇಳಿ ಬಾಗಿಲಲ್ಲೇ ನಿಂತರು. ನನ್ನನ್ನು ನೋಡಿದರು, ಅವನ ತೆರೆದ ಬಾಯಿ ನೋಡಿದರು, ಫೋಟೋಗಳನ್ನು ತಿರುವಿದರು. ಅವರ ಮುಖದಲ್ಲಿ ಕರುಣೆ ಏನೂ ಇರಲಿಲ್ಲ. ಊಟದ ಹೊತ್ತು ಮೀರುತ್ತಿತ್ತು. ಸಾಹೇಬನಿಗೆ ಏನೋ ಒಂದೇ ಮಾತು ಹೇಳಿ ಹೋದರು.

"ಏನಂದ್ರು?" ಎಂದೆ.

ದುಭಾಷಿ ಬಗ್ಗಿ, "ಇಷ್ಟು ಜೋರು ಗೊರಕೇನ ದುಡ್ಡು ಕೊಟ್ರೂ ಯಾರೂ ಹೆಗಲ ಮೇಲೆ ಹೊರಲ್ಲ ಅಂದ್ರು," ಎಂದ. "ಹೆಂಡ್ತಿನೇ ಇರಬೇಕು ಅಂದ್ರು."

ನನ್ನ ಗಂಡ ತಾನಾಗಿ ಎದ್ದಾಗ ಸಾಹೇಬ ಮತ್ತೆ ಪೆನ್ನು ತೆಗೆದು, ಮೊದಲು ಬರೆದಿದ್ದನ್ನು ಹೊಡೆದುಹಾಕುತ್ತಿದ್ದ. "ಏನಾಯ್ತು?" ಎಂದು ಕಣ್ಣುಜ್ಜಿಕೊಂಡ. "ಏನಿಲ್ಲ, ಮನೆಗೆ ನಡೀರಿ" ಎಂದೆ.

ಸ್ವಲ್ಪ ದಿನದ ಮೇಲೆ ಆದೇಶ ಬಂತು. ವಕೀಲಮ್ಮ ಓದಿ ಹೇಳಿದಳು. ಗಂಡನಿಗೆ ಒಂದು ವರ್ಷ ವೀಸಾ. ಬರೀ ಒಂದು ವರ್ಷ, ಪರೀಕ್ಷೆಗೆ. ಅದರ ಕೆಳಗೊಂದು ಷರತ್ತು: ಮುಂದಿನ ವಿಚಾರಣೆಯ ಹೊತ್ತಿಗೆ ದಂಪತಿ ಒಂದೇ ಮನೆಯಲ್ಲಿ, ಒಂದೇ ಸಮಯದಲ್ಲಿ ವಾಸಿಸಿದ್ದಕ್ಕೆ ಪುರಾವೆ ಒದಗಿಸತಕ್ಕದ್ದು. ಇಲ್ಲದಿದ್ದರೆ ವಾಪಸು.

"ಅಂದ್ರೆ ಏನು ಮೇಡಂ?"

"ಅಂದ್ರೆ ನೀನು ಗಂಡನ ಜೊತೆ ಇರಲೇಬೇಕು ಅಂತ ಸರಕಾರ ಆರ್ಡರ್ ಮಾಡಿದೆ ಅಂತ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನ ಬಸ್ಸಿನಲ್ಲಿ ಹೋಗುತ್ತ ನನಗೇ ನಗು. ಲಾಂಡ್ರಿಗೆ ಹೋದವಳು ಮೊದಲು ಅಕ್ಕನಿಗೆ ಹೇಳಿದೆ. ಅಕ್ಕನಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ. ಆಮೇಲೆ ಆ ಆದೇಶ ಹಿಡಿದು ಸೂಪರ್‌ವೈಸರ್ ಕೋಣೆಗೆ ಹೋದೆ.

"ನನಗೆ ರಾತ್ರಿ ಪಾಳಿ ಬೇಕು ಸಾರ್."

"ಮತ್ತೆ ಶುರು ಆಯ್ತಾ ನಿನ್ನ ಗಂಡನ ಕಥೆ?"

"ನನ್ನ ಕಥೆ ಅಲ್ಲ ಸಾರ್, ಸರಕಾರದ್ದು." ಅವನ ಮುಂದೆ ಇಟ್ಟೆ. "ಗಂಡನ ಜೊತೆ ಇರಬೇಕಂತೆ. ಆರ್ಡರು. ನಿಮ್ಮಿಂದ ಆಗ್ತಿಲ್ಲ. ಆಗಲ್ಲ ಅಂದ್ರೆ ಆಗಲ್ಲ ಅಂತ ಬರೆದು ಸಹಿ ಹಾಕ್ಕೊಡಿ. ಮುಂದಿನ ಸಲ ಸಾಹೇಬರಿಗೆ ತೋರಿಸ್ತೀನಿ. ಏನು ಕೇಳಬೇಕೋ ನಿಮ್ಮನ್ನೇ ಕರೆದು ಕೇಳಲಿ."

ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ. ಸೂಪರ್‌ವೈಸರ್ ಆದರೇನು, ಅವನದೂ ವೀಸಾನೇ. ವೀಸಾ ಕಚೇರಿಯ ಮುದ್ರೆ ಕಂಡರೆ ಅವನಿಗೂ ಹೆದರಿಕೆ ಎಂದು ನನಗೆ ಆವತ್ತು ಗೊತ್ತಾಯಿತು. ದನಿ ಇಳಿಸಿ, "ನೋಡಮ್ಮ," ಎಂದ. ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. "ನಿನಗೊಬ್ಬಳಿಗೆ ಬದಲಾಯಿಸಿ ಕೊಡ್ತೀನಿ. ಹೊರಗಡೆ ಯಾರಿಗೂ ಹೇಳಬೇಡ."

ಒಂದು ಕ್ಷಣ ಬಾಯಲ್ಲಿ ನೀರೂರಿತು. ನನಗೆ ಬೇಕಾದ್ದು ಸಿಕ್ಕಿತ್ತು. ತಲೆ ಆಡಿಸಿ ಹೊರಗೆ ಬಂದರೆ ಮುಗಿಯಿತು. ಆದರೆ ಆ ಹೊಲಿಗೆಯ ಹೆಂಗಸು ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು. ಗಂಡ ಸಾಯುತ್ತಿದ್ದರೂ ಅಪ್ಪಣೆ ಕೇಳಿ ಅಳಬೇಕಾದವಳು.

"ತಡ ಆಯ್ತು ಸಾರ್," ಎಂದೆ. "ಹೇಳಿಬಿಟ್ಟಿದೀನಿ."

ಬಾಗಿಲು ತೆರೆದೆ. ಹಗಲು ಪಾಳಿಯ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು. ಅಕ್ಕ ಮುಂದೆ. ಒಬ್ಬಳ ಗಂಡ ಕಸಾಯಿಖಾನೆಯಲ್ಲಿ ರಾತ್ರಿ ಪಾಳಿ, ಒಬ್ಬಳ ಗಂಡ ಲಾರಿಯಲ್ಲಿ, ಒಬ್ಬಳ ಗಂಡ ಆಸ್ಪತ್ರೆಯ ನೆಲ ಒರೆಸುತ್ತಾನೆ. ಎಲ್ಲರೂ ತಮ್ಮ ತಮ್ಮ ಗಂಡಂದಿರನ್ನು ಕೇಳಲು ಬಂದಿದ್ದರು.

"ಒಬ್ಬಳಿಗೆ ಗಂಡನ್ನ ಕೊಟ್ಟು ಮಿಕ್ಕವರನ್ನ ಬಿಟ್ರೆ ಹೇಗೆ ಸಾರ್?" ಎಂದಳು ಅಕ್ಕ.

ಹಿಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿ, "ನನಗೆ ಹಗಲೇ ಇರಲಿ ಸಾರ್, ನಮ್ಮೆಜಮಾನರದು ರಾತ್ರಿ. ದಯವಿಟ್ಟು ಬದಲಾಯಿಸಬೇಡಿ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಅವಳಿಗೂ ಕೇಳುವ ಹಕ್ಕಿತ್ತು.

ಸೂಪರ್‌ವೈಸರ್ ಎದ್ದು ನಿಂತ. ಒಳಗೆ ಯಾವ ರೋಲರೂ ಓಡುತ್ತಿರಲಿಲ್ಲ. ಹಬೆ ಇಳಿದು, ಲಾಂಡ್ರಿಯ ಆ ತುದಿಯ ಗೋಡೆ ಮೊದಲ ಸಲ ಕಾಣಿಸುತ್ತಿತ್ತು.

"ಹೋಗಿ, ಮೆಷಿನ್ ಹಾಕಿ," ಎಂದ. "ಆಮೇಲೆ ಮಾತಾಡೋಣ."

"ಮಾತಾಡಿ," ಎಂದೆ. "ಆಮೇಲೆ ಹಾಕ್ತೀವಿ."